ಕಲ್ಲು ಕರಗಿದ ನೀರು

ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿ ವಿದ್ಯಾರ್ಥಿಗಳು ಉರುಹೊಡೆಯುವ ಒಂದು ಪಟ್ಟಿಯುಂಟು. ಇಂಥ ಲವಣಗಳು ನೀರಿನಲ್ಲಿ ಕರಗುತ್ತವೆ, ಇಂಥವು ಕರಗವು ಎಂಬುದೇ ಆ ಪಟ್ಟಿ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುವುದು ವಾಡಿಕೆ. ಆದರೆ ಆ ಪಟ್ಟಿಯ ಒಂದು ಸಾಲಿಗೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಸೀಮೆಯ ಮಕ್ಕಳ ಹಲ್ಲಿಗೂ ಹಿರಿಯರ ಮೂಳೆಗೂ ನೇರವಾದ ಸಂಬಂಧವಿದೆ. ಕ್ಯಾಲ್ಸಿಯಂ ಫ್ಲೋರೈಡು ನೀರಿನಲ್ಲಿ ಕರಗದು ಎಂಬುದೇ ಆ ಸಾಲು. ಕರಗದ ವಸ್ತುವು ಕುಡಿಯುವ ನೀರಿಗೆ ಬಂದು ಸೇರುವ ಬಗೆ ಹೇಗೆ? ಸೇರಿದ ಮೇಲೆ ಅದನ್ನು ಹೊರಗೆ ಕಳುಹಿಸುವ ಬಗೆ ಹೇಗೆ? ಈ ಎರಡು ಪ್ರಶ್ನೆಗಳನ್ನು ಬಿಡಿಸಲು ಹೊರಟರೆ, ಎಷ್ಟು ಕರಗೀತು ಎಂಬ ವಿಚಾರವೂ ಎಷ್ಟು ಬೇಗ ಕರಗೀತು ಎಂಬ ವಿಚಾರವೂ ಬೇರೆ ಬೇರೆ ಎಂಬುದು ತಾನಾಗಿಯೇ ತಿಳಿದುಬರುತ್ತದೆ.

ಈ ಐದು ತಾಲ್ಲೂಕುಗಳೂ ಈಗ ವಿಜಯನಗರ ಜಿಲ್ಲೆಗೆ ಸೇರಿವೆ. ಬಳ್ಳಾರಿ ಜಿಲ್ಲೆಯನ್ನು ವಿಭಾಗಿಸಿ ಆ ಜಿಲ್ಲೆಯನ್ನು ರಚಿಸಿದುದು ೨೦೨೧ರಲ್ಲಿ. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಆದರೆ ನದಿಯ ದಂಡೆಯಿಂದ ದೂರವಿರುವ ಊರುಗಳಿಗೆ ಬಹುಕಾಲ ಬಾವಿಯೇ ಗತಿಯಾಗಿತ್ತು; ಬಾವಿಗಳು ಬತ್ತಿದ ಮೇಲೆ ಕೊಳವೆ ಬಾವಿಗಳು ಬಂದವು. ಮಳೆ ಕಡಿಮೆಯಾದ ನಾಡು. ನೆಲದಡಿಯಲ್ಲಿ ಇರುವುದು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಎಂಬ ಅತಿ ಪ್ರಾಚೀನವಾದ ಶಿಲೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಳಿ ಬೆಟ್ಟದಂತೆ ಒಂದರ ಮೇಲೊಂದು ಕುಳಿತಿರುವ ಗುಂಡುಗಳನ್ನು ಕಂಡವರಿಗೆ ಆ ಕಲ್ಲಿನ ಪರಿಚಯ ಹೇಳಬೇಕಾದುದಿಲ್ಲ. ಇಂಥ ಕಲ್ಲಿನಲ್ಲಿ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಕೆಲವೆಡೆ ಫ್ಲೋರ್‌ಸ್ಪಾರ್ ಎಂಬ ಖನಿಜಗಳು ಬೆರೆತಿರುತ್ತವೆ. ಇವುಗಳಲ್ಲೆಲ್ಲ ಸ್ವಲ್ಪವೋ ಹೆಚ್ಚೋ ಫ್ಲೋರಿನ್ ಇದೆ. ಕೊನೆಯ ಫ್ಲೋರ್‌ಸ್ಪಾರಂತೂ ಕ್ಯಾಲ್ಸಿಯಂ ಫ್ಲೋರೈಡಿನ ಹರಳೇ ಆಗಿದೆ.

ಈಗ ಪಟ್ಟಿಯನ್ನು ಒಮ್ಮೆ ನೋಡಿಬಿಡೋಣ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂಗಳ ಲವಣಗಳು ಸಾಮಾನ್ಯವಾಗಿ ಎಲ್ಲವೂ ಕರಗುತ್ತವೆ. ಅಡುಗೆಯ ಉಪ್ಪು, ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ ಮೂರೂ ಈ ಗುಂಪಿನವು. ನೈಟ್ರೇಟುಗಳು ಯಾವ ಲೋಹದವಾದರೂ ಕರಗುತ್ತವೆ. ಹೊಲಕ್ಕೆ ಹಾಕಿದ ಗೊಬ್ಬರದ ಒಂದು ಪಾಲು ಬಾವಿಗೆ ಇಳಿಯುವುದು ಇದರಿಂದಲೇ. ಕ್ಲೋರೈಡುಗಳಲ್ಲಿ ಬೆಳ್ಳಿ, ಸೀಸಗಳವನ್ನೂ, ಸಲ್ಫೇಟುಗಳಲ್ಲಿ ಬೇರಿಯಂ, ಸೀಸಗಳವನ್ನೂ ಬಿಟ್ಟರೆ ಉಳಿದ ಬಹುಪಾಲು ಕರಗುತ್ತವೆ. ಜಿಪ್ಸಂ ಮಾತ್ರ ಅರೆಮನಸ್ಸಿನಿಂದ ಕರಗುತ್ತದೆ. ಕಾರ್ಬೊನೇಟು, ಫಾಸ್ಫೇಟು, ಹೈಡ್ರಾಕ್ಸೈಡುಗಳಲ್ಲಿ ಮೊದಲ ಗುಂಪಿನವನ್ನು ಬಿಟ್ಟರೆ ಹೆಚ್ಚಿನವು ಕರಗವು. ಫ್ಲೋರೈಡುಗಳ ವಿಷಯದಲ್ಲಿ ನಿಯಮವು ಎರಡಾಗಿ ಒಡೆಯುತ್ತದೆ: ಸೋಡಿಯಂ ಫ್ಲೋರೈಡು ಕರಗುತ್ತದೆ, ಕ್ಯಾಲ್ಸಿಯಂ ಫ್ಲೋರೈಡು ಕರಗದು. ಮುಂದಿನ ಕಥೆಯೆಲ್ಲ ಈ ಒಡಕಿನಲ್ಲಿ ಅಡಗಿದೆ.

ಕರಗದು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ನೀರಿನಲ್ಲಿ ಲೇಶಮಾತ್ರವೂ ಕರಗದ ಲವಣ ಎಂಬುದು ಇಲ್ಲ. ಒಂದು ಲೀಟರು ನೀರಿನಲ್ಲಿ ಅಡುಗೆಯ ಉಪ್ಪು ಸುಮಾರು ೩೬೦ ಗ್ರಾಂ ಕರಗಬಲ್ಲುದು. ಅರಳಿದ ಸುಣ್ಣವಾದರೆ ಒಂದೂವರೆ ಗ್ರಾಮಿನ ಆಸುಪಾಸು. ಸುಣ್ಣದ ತಿಳಿ ಎಂಬುದು ದೊರಕುವುದೇ ಆ ಅಲ್ಪಾಂಶದ ದೆಸೆಯಿಂದ. ಕ್ಯಾಲ್ಸಿಯಂ ಫ್ಲೋರೈಡು ಸುಮಾರು ೧೬ ಮಿಲಿಗ್ರಾಂ ಮಾತ್ರ ಕರಗುತ್ತದೆ. ಉಪ್ಪಿನ ಜೊತೆ ಹೋಲಿಸಿದರೆ ಇದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಆಗುವುದಿಲ್ಲ. ಪಟ್ಟಿ ಬರೆದವರು ಕರಗದು ಎಂದು ಬರೆದುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ೧೬ ಮಿಲಿಗ್ರಾಮಿನಲ್ಲಿ ಫ್ಲೋರೈಡಿನ ಪಾಲು ಸುಮಾರು ೮ ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡು ಇರಬಹುದು, ಬೇರೆ ನೀರು ದೊರಕದ ಪಕ್ಷದಲ್ಲಿ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ೧.೫ ಮಿಲಿಗ್ರಾಮೇ. ರಸಾಯನಶಾಸ್ತ್ರದ ದೃಷ್ಟಿಯಿಂದ ಕರಗದ ವಸ್ತುವು ವೈದ್ಯನ ದೃಷ್ಟಿಯಿಂದ ಐದು ಪಟ್ಟಿಗೂ ಮಿಗಿಲಾಗಿ ಕರಗಿದೆ!

ಹಾಗಾದರೆ ಎಲ್ಲ ಬಾವಿಗಳಲ್ಲಿಯೂ ೮ ಮಿಲಿಗ್ರಾಂ ಇರಬೇಕಲ್ಲವೆ? ಇಲ್ಲ. ಮೇಲೆ ಹೇಳಿದ ಅಂಕಿ ಶುದ್ಧವಾದ ನೀರಿಗೆ ಸಲ್ಲುವುದು. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ೧೮೮೯ರಲ್ಲಿ ತೋರಿಸಿದಂತೆ, ಅಲ್ಪವಾಗಿ ಕರಗುವ ಲವಣದ ಪರ್ಯಾಪ್ತ ದ್ರಾವಣದಲ್ಲಿ ಅದರ ಅಯಾನುಗಳ ಪ್ರಮಾಣಗಳನ್ನು ಗುಣಿಸಿದರೆ ಬರುವ ಸಂಖ್ಯೆಯು ಒಂದು ಗೊತ್ತಾದ ಉಷ್ಣತೆಯಲ್ಲಿ ಸ್ಥಿರವಾಗಿರುತ್ತದೆ. ಇದಕ್ಕೆ ವಿಲೇಯತಾ ಗುಣಲಬ್ಧ ಎಂದು ಹೆಸರು. ಕ್ಯಾಲ್ಸಿಯಂ ಫ್ಲೋರೈಡಿನಲ್ಲಿ ಒಂದು ಕ್ಯಾಲ್ಸಿಯಮಿಗೆ ಎರಡು ಫ್ಲೋರೈಡುಗಳಿರುವುದರಿಂದ, ಕ್ಯಾಲ್ಸಿಯಮಿನ ಪ್ರಮಾಣವನ್ನು ಫ್ಲೋರೈಡಿನ ಪ್ರಮಾಣದ ವರ್ಗದಿಂದ ಗುಣಿಸಬೇಕು. ಎರಡನ್ನೂ ಲೀಟರಿಗೆ ಇಷ್ಟು ಮೋಲ್ ಎಂಬ ಲೆಕ್ಕದಲ್ಲಿ ಹಿಡಿಯಬೇಕು. ೨೫ ಡಿಗ್ರಿ ಉಷ್ಣತೆಯಲ್ಲಿ ಆ ಗುಣಲಬ್ಧವು ದಶಮಾಂಶ ಬಿಂದುವಿನ ಬಳಿಕ ಹತ್ತು ಸೊನ್ನೆಗಳನ್ನಿಟ್ಟು ಆಮೇಲೆ ೩೫ ಎಂದು ಬರೆದಷ್ಟು ಸಣ್ಣ ಸಂಖ್ಯೆ. ಸಂಖ್ಯೆ ಸಣ್ಣದಾದರೂ ಅದರ ಆಜ್ಞೆ ಕಟ್ಟುನಿಟ್ಟಾದುದು: ಒಂದು ಅಯಾನು ಏರಿದರೆ ಇನ್ನೊಂದು ಇಳಿಯಲೇಬೇಕು.

ಲೆಕ್ಕ ಹಾಕಿ ನೋಡೋಣ. ನೀರಿನಲ್ಲಿ ಬೇರೆ ಮೂಲದಿಂದ ಬಂದ ಕ್ಯಾಲ್ಸಿಯಂ ಲೀಟರಿಗೆ ೧೦೦ ಮಿಲಿಗ್ರಾಂ ಇದ್ದರೆ ಫ್ಲೋರೈಡು ೨.೨ ಮಿಲಿಗ್ರಾಮಿಗಿಂತ ಬಹಳ ಮೇಲೇರಲಾರದು. ಕ್ಯಾಲ್ಸಿಯಂ ೨೦ ಮಿಲಿಗ್ರಾಮಿಗೆ ಇಳಿದರೆ ಫ್ಲೋರೈಡು ೫ ಮಿಲಿಗ್ರಾಮಿನವರೆಗೆ ನಿಲ್ಲಬಹುದು. ೧೦ಕ್ಕೆ ಇಳಿದರೆ ೭ರವರೆಗೆ. ನಿಸರ್ಗದ ನೀರಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಈ ಅಂಕಿಗಳು ಕೊಂಚ ಹಿಗ್ಗುತ್ತವೆ. ಆದರೂ ದಿಕ್ಕು ಬದಲಾಗುವುದಿಲ್ಲ. ಗಡಸು ನೀರು ಫ್ಲೋರೈಡಿಗೆ ಕಡಿವಾಣ ಹಾಕುತ್ತದೆ. ಮೆದು ನೀರು ಕಡಿವಾಣವನ್ನು ಬಿಚ್ಚುತ್ತದೆ.

ಇಲ್ಲಿಯೇ ಗೃಹಿಣಿಯ ಪರೀಕ್ಷೆಗೂ ರಸಾಯನಶಾಸ್ತ್ರದ ಪರೀಕ್ಷೆಗೂ ವಿರೋಧ ಬರುವುದು. ನಮ್ಮ ಹಳ್ಳಿಗಳಲ್ಲಿ ನೀರಿನ ಗುಣವನ್ನು ಅಳೆಯುವುದು ಬೇಳೆಯಿಂದ. ಬೇಳೆ ಬೇಯದ ನೀರು ಕೆಟ್ಟದ್ದು. ಬೇಳೆ ಬೇಗ ಬೆಂದು, ಸಾಬೂನು ಚೆನ್ನಾಗಿ ನೊರೆ ಕೊಟ್ಟರೆ ಆ ನೀರು ಒಳ್ಳೆಯದು. ಬೇಳೆ ಬೇಯದಿರುವುದಕ್ಕೆ ಕಾರಣ ನೀರಿನಲ್ಲಿರುವ ಕ್ಯಾಲ್ಸಿಯಂ; ಅದು ಕಾಳಿನ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಬಿಗಿಗೊಳಿಸುತ್ತದೆ. ಸೋಡಿಯಂ ಬೈಕಾರ್ಬೊನೇಟು, ಎಂದರೆ ಅಡುಗೆ ಸೋಡಾ, ಬೆರೆತ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ. ಆದರೆ ಫ್ಲೋರೈಡು ಹೆಚ್ಚಾಗಿ ಕಾಣುವುದು ಇಂಥ ಸೋಡಾ ಬೆರೆತ ಮೆದು ನೀರಿನಲ್ಲಿಯೇ. ನೆಲದಡಿಯಲ್ಲಿ ನೀರು ಹರಿಯುವಾಗ ಜೇಡಿಯ ಕಣಗಳು ಕ್ಯಾಲ್ಸಿಯಮನ್ನು ಹಿಡಿದುಕೊಂಡು ಸೋಡಿಯಮನ್ನು ಬಿಟ್ಟುಕೊಡುತ್ತವೆ. ಉಳಿದ ಕ್ಯಾಲ್ಸಿಯಮಿನ ಒಂದು ಪಾಲು ಕಾರ್ಬೊನೇಟಾಗಿ ಗಟ್ಟಿಗೊಳ್ಳುತ್ತದೆ. ಎರೆ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ಸುಣ್ಣದ ಹರಳುಗಳು ಹೀಗೆ ಹುಟ್ಟಿದವು. ಕ್ಯಾಲ್ಸಿಯಂ ಹೊರಟುಹೋದ ನೀರಿನಲ್ಲಿ ಫ್ಲೋರೈಡಿಗೆ ತಡೆಯೇನಿದೆ? ಇದರ ಮೇಲೆ ಇನ್ನೊಂದು ಮಾತು. ಸೋಡಾ ಬೆರೆತ ನೀರು ಕ್ಷಾರಗುಣದ್ದು. ಅದರಲ್ಲಿರುವ ಹೈಡ್ರಾಕ್ಸಿಲ್ ಅಯಾನೂ ಫ್ಲೋರೈಡ್ ಅಯಾನೂ ಗಾತ್ರದಲ್ಲಿ ಹೆಚ್ಚುಕಡಿಮೆ ಸಮ, ವಿದ್ಯುದಂಶದಲ್ಲಿ ಪೂರ್ತಿ ಸಮ. ಆದುದರಿಂದ ಅಭ್ರಕದ ಹಾಳೆಗಳ ನಡುವೆ ಕುಳಿತಿದ್ದ ಫ್ಲೋರೈಡನ್ನು ಎಬ್ಬಿಸಿ, ಆ ಜಾಗದಲ್ಲಿ ಹೈಡ್ರಾಕ್ಸಿಲ್ ಕುಳಿತುಕೊಳ್ಳಬಲ್ಲುದು.

ಗಡಸು ನೀರೆಲ್ಲ ನಿರ್ಭಯವೆಂದು ಇದರಿಂದ ತೀರ್ಮಾನಿಸಕೂಡದು. ಕ್ಯಾಲ್ಸಿಯಂ ೧೦೦ ಮಿಲಿಗ್ರಾಂ ಇದ್ದಾಗಲೂ ಫ್ಲೋರೈಡು ಮಿತಿಯನ್ನು ಮೀರಬಹುದೆಂದು ನಮ್ಮ ಲೆಕ್ಕವೇ ಹೇಳಿತು. ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ನಾಲಿಗೆಯನ್ನಾಗಲಿ ಬೇಳೆಯನ್ನಾಗಲಿ ಸಾಕ್ಷಿಗೆ ಕರೆಯುವುದು ವ್ಯರ್ಥ.

ಇನ್ನು ಕಾಲದ ವಿಚಾರ. ವಿಲೇಯತೆಯ ನಿಯಮವು ಮಿತಿಯನ್ನು ಹೇಳುತ್ತದೆಯೇ ಹೊರತು ಆ ಮಿತಿಯನ್ನು ಮುಟ್ಟಲು ಒಂದು ಗಳಿಗೆ ಬೇಕೋ ಒಂದು ಶತಮಾನ ಬೇಕೋ ಎಂಬುದನ್ನು ಹೇಳುವುದಿಲ್ಲ. ಕ್ರಿಯಾವೇಗವು ಬೇರೆಯೇ ಅಧ್ಯಾಯ. ಸುಲಭವಾದ ಒಂದು ಪ್ರಯೋಗದಿಂದ ಇದನ್ನು ನೋಡಬಹುದು. ಎರೆ ಹೊಲದಿಂದ ಒಂದೇ ತೂಕದ ಎರಡು ಸುಣ್ಣದ ಹರಳುಗಳನ್ನು ಆರಿಸಿ ತನ್ನಿ. ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಕುಟ್ಟಿ ಪುಡಿಮಾಡಿ. ಎರಡು ಲೋಟಗಳಲ್ಲಿ ಸಮನಾಗಿ ವಿನಿಗರ್ ಹಾಕಿ ಒಂದೊಂದರಲ್ಲಿ ಒಂದೊಂದನ್ನು ಬಿಡಿ. ಪುಡಿಯು ಭರ್ರನೆ ನೊರೆಯೇಳುವುದು. ಇಡಿಯ ಹರಳಾದರೋ ಬಹಳ ಹೊತ್ತು ಸಣ್ಣಸಣ್ಣ ಗುಳ್ಳೆಗಳನ್ನು ಬಿಡುತ್ತ ಕುಳಿತಿರುವುದು. (ಶಾಲೆಯ ಬಳಪದ ಕಡ್ಡಿಯಿಂದ ಈ ಪ್ರಯೋಗ ಮಾಡಹೋಗಿ ನಿರಾಶರಾಗಬೇಡಿ, ಇಂದಿನ ಕಡ್ಡಿಗಳು ಬಹುಮಟ್ಟಿಗೆ ಜಿಪ್ಸಮಿನಿಂದ ಮಾಡಿದವು, ಅವು ನೊರೆಯೇಳುವುದಿಲ್ಲ.) ಒಂದು ಸೆಂಟಿಮೀಟರು ಭುಜದ ಘನಾಕೃತಿಯ ಮೈ ೬ ಚದರ ಸೆಂಟಿಮೀಟರು. ಅದನ್ನೇ ಒಂದು ಮಿಲಿಮೀಟರು ಭುಜದ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೈ ೬೦ ಚದರ ಸೆಂಟಿಮೀಟರಾಗುತ್ತದೆ. ಕ್ರಿಯೆ ನಡೆಯುವುದು ಮೈಮೇಲೆ. ಮೈ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ವಿನಿಗರನ್ನು ಬೆಚ್ಚಗೆ ಮಾಡಿದರೆ ವೇಗ ಇನ್ನೂ ಏರುತ್ತದೆ. ಹತ್ತು ಡಿಗ್ರಿ ಉಷ್ಣತೆ ಏರಿದರೆ ಅನೇಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲವಾದ ಒಂದು ಸೂತ್ರ.

ಗುಡೇಕೋಟೆಯ ಗುಂಡಿನ ಮೇಲೆ ಬಿದ್ದ ಮಳೆಯ ಹನಿ ಕ್ಷಣದಲ್ಲಿ ಜಾರಿಹೋಗುತ್ತದೆ. ಆ ಕ್ಷಣದಲ್ಲಿ ಅದು ಕಲ್ಲಿನಿಂದ ಕದ್ದೊಯ್ಯುವುದು ಏನೂ ಇಲ್ಲವೆಂದೇ ಹೇಳಬೇಕು. ಕೆರೆಯ ನೀರಿಗೂ ನದಿಯ ನೀರಿಗೂ ಇದೇ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ತೆರೆದ ಬಾವಿಯ ನೀರು ಮೇಲ್ಪದರದ್ದು. ಒಳ್ಳೆಯ ಮಳೆಗಾಲ ಬಂದರೆ ಹೊಸ ನೀರು ಸೇರಿ ತಿಳಿಯಾಗುತ್ತಿತ್ತು. ಆದರೆ ನೂರಾರು ಅಡಿ ಆಳದ ಬಿರುಕುಗಳಲ್ಲಿ ನಿಂತ ನೀರು ವರ್ಷಗಟ್ಟಲೆ ಕಲ್ಲಿನ ಸಂಗಡ ಬಾಳುವೆ ಮಾಡಿರುತ್ತದೆ. ಶಿಥಿಲವಾದ ಕಲ್ಲು ಪುಡಿಪುಡಿಯಾಗಿ ಮೈಯನ್ನು ವಿಸ್ತರಿಸಿಕೊಂಡಿರುತ್ತದೆ. ನಿಧಾನವಾದ ಕ್ರಿಯೆಗೆ ಸಾಕಷ್ಟು ಕಾಲ ದೊರೆತಾಗ ಆಗುವ ಫಲವು ವೇಗವಾದ ಕ್ರಿಯೆಯ ಫಲಕ್ಕಿಂತ ಕಡಿಮೆಯದಲ್ಲ. ಈ ಸೀಮೆಯ ಅನೇಕ ಊರುಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡು ೧.೫ ಮಿಲಿಗ್ರಾಮನ್ನು ಮೀರಿ ಕಂಡುಬಂದಿರುವುದಕ್ಕೆ ಕಲ್ಲಿನ ಜಾತಿ ಎಷ್ಟು ಕಾರಣವೋ ನೀರು ಅಲ್ಲಿ ಕಳೆದ ಕಾಲವೂ ಅಷ್ಟೇ ಕಾರಣ. ಒಂದೇ ಊರಿನ ಎರಡು ಕೊಳವೆಗಳಲ್ಲಿ ಬೇರೆ ಬೇರೆ ಅಂಕಿ ಬರುವುದು ಆಶ್ಚರ್ಯವಲ್ಲ. ಅವೆರಡೂ ಬೇರೆ ಬೇರೆ ಬಿರುಕುಗಳನ್ನು ಮುಟ್ಟಿರಬಹುದು.

ದೇಹದೊಳಗೂ ಇದೇ ಎರಡು ಅಧ್ಯಾಯಗಳು ಮರುಕಳಿಸುತ್ತವೆ. ನಮ್ಮ ಹಲ್ಲು ಮೂಳೆಗಳ ಗಟ್ಟಿತನಕ್ಕೆ ಆಧಾರವಾದುದು ಹೈಡ್ರಾಕ್ಸಿ ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟು. ಅಭ್ರಕದಲ್ಲಿ ನಡೆದ ಅದಲುಬದಲು ಇಲ್ಲಿ ತಿರುಗುಮುರುಗಾಗಿ ನಡೆಯುತ್ತದೆ: ಹೈಡ್ರಾಕ್ಸಿಲ್ ಎದ್ದುಹೋಗಿ ಅದರ ಜಾಗಕ್ಕೆ ಫ್ಲೋರೈಡು ಬರುತ್ತದೆ. ಹಾಗೆ ಆದ ಫ್ಲೋರ್ ಅಪಟೈಟು ಮೊದಲಿನದಕ್ಕಿಂತ ಕಡಿಮೆ ಕರಗುವಂಥದು. ಬಾಯಿಯ ಆಮ್ಲಕ್ಕೆ ಅದು ಬೇಗ ಮಣಿಯುವುದಿಲ್ಲ. ಅಲ್ಪವಾದ ಫ್ಲೋರೈಡು ಹುಳುಕು ಹಲ್ಲನ್ನು ತಡೆಯುವುದು ಈ ಕಾರಣದಿಂದಲೇ. ಅಮೃತವೂ ಹೆಚ್ಚಾದರೆ ವಿಷ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಹಲ್ಲಿನ ದಂತಕವಚವು ಬೆಳೆಯುತ್ತಿರುವ ಎಳೆಯ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಫ್ಲೋರೈಡು ಹೆಚ್ಚಾದರೆ ಆ ಕವಚವು ಸರಿಯಾಗಿ ಗಟ್ಟಿಗೊಳ್ಳದೆ ಸುಣ್ಣ ಬಳಿದಂಥ ಮಚ್ಚೆಗಳೂ ಆಮೇಲೆ ಹಳದಿ, ಕಂದು ಗೆರೆಗಳೂ ಮೂಡುತ್ತವೆ. ಇದು ಹೊರಗಿನಿಂದ ಅಂಟಿದ ಕೊಳೆಯಲ್ಲ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇಂಥ ಹುಡುಗನನ್ನು ಹಲ್ಲುಜ್ಜದ ಸೋಮಾರಿಯೆಂದು ಬೈಯುವುದು ಶುದ್ಧ ಅನ್ಯಾಯ.

ಮೂಳೆಯಲ್ಲಿ ಕ್ರಿಯೆ ಇನ್ನೂ ನಿಧಾನ. ಪ್ರತಿದಿನ ಒಳಹೋದ ಫ್ಲೋರೈಡಿನ ಒಂದು ಭಾಗ ಮೂತ್ರದಲ್ಲಿ ಹೊರಟುಹೋಗಿ, ಉಳಿದದ್ದು ಮೂಳೆಯಲ್ಲಿ ಸೇರುತ್ತ ಬರುತ್ತದೆ. ಹೆಚ್ಚಿನ ಪ್ರಮಾಣದ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದ ಮೇಲೆ ಕೀಲುನೋವು, ಬೆನ್ನಿನ ಬಿಗಿತ, ಕೊನೆಗೆ ಬಾಗಲೂ ತಿರುಗಲೂ ಆಗದ ಸ್ಥಿತಿ ಬರಬಹುದು. ಅಷ್ಟು ಕಾಲ ಕಳೆದ ಮೇಲೆ ಬಂದ ನೋವಿಗೂ ನಿತ್ಯದ ಕೊಡದ ನೀರಿಗೂ ಗಂಟು ಹಾಕುವುದು ಸಾಮಾನ್ಯರಿಗೆ ಸುಲಭವಲ್ಲ. ಭಾರತದಲ್ಲಿ ಈ ಗಂಟನ್ನು ಬಿಡಿಸಿ ತೋರಿಸಿದವರು ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ. ಅವರು ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಕುರಿತ ವರದಿಯನ್ನು ೧೯೩೭ರಲ್ಲಿ ಪ್ರಕಟಿಸಿದರು. ಆಗ ನೆಲ್ಲೂರೂ, ಕೂಡ್ಲಿಗಿ ಹಡಗಲಿ ಹರಪನಹಳ್ಳಿಗಳನ್ನೊಳಗೊಂಡ ಬಳ್ಳಾರಿಯೂ ಒಂದೇ ಮದರಾಸು ಪ್ರಾಂತ್ಯದ ಜಿಲ್ಲೆಗಳಾಗಿದ್ದವು. ೧೯೫೩ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು.

ನೀರಿನಲ್ಲಿ ಫ್ಲೋರೈಡು ಎಷ್ಟಿದೆಯೆಂದು ತಿಳಿಯುವ ಒಂದು ಸೊಗಸಾದ ಉಪಾಯವಿದೆ. ಜಿರ್ಕೋನಿಯಂ ಲೋಹವೂ ಅಲಿಜರಿನ್ ಎಂಬ ಬಣ್ಣವೂ ಕೂಡಿದರೆ ಕೆಂಪು ದ್ರಾವಣವಾಗುತ್ತದೆ. ಫ್ಲೋರೈಡಿಗೆ ಜಿರ್ಕೋನಿಯಮಿನ ಮೇಲೆ ಹೆಚ್ಚಿನ ಒಲವು. ಅದು ಬಂದು ಜಿರ್ಕೋನಿಯಮನ್ನು ಸೆಳೆದುಕೊಂಡಂತೆಲ್ಲ ಕೆಂಪು ಮಾಸಿ ಹಳದಿಯಾಗುತ್ತದೆ. ಹಳೆಯ ವಿಧಾನದಲ್ಲಿ ಬಣ್ಣವನ್ನು ನೋಡುವುದಕ್ಕೆ ಮೊದಲು ಒಂದು ಗಂಟೆ ಕಾಯಬೇಕಾಗಿತ್ತು. ಮಿಶ್ರಣದಲ್ಲಿ ಆಮ್ಲದ ಪ್ರಮಾಣ ಹೆಚ್ಚಿಸಿದರೆ ಕ್ರಿಯೆಯು ಬಹುಮಟ್ಟಿಗೆ ತತ್‌ಕ್ಷಣದಲ್ಲಿ ಮುಗಿಯುತ್ತದೆಯೆಂದು ಕಂಡುಕೊಂಡ ಮೇಲೆ ಆ ಕಾಯುವಿಕೆ ತಪ್ಪಿತು. ಕ್ರಿಯಾವೇಗದ ಜ್ಞಾನದಿಂದ ಆದ ಉಪಕಾರ ಇದು. ದಿನಕ್ಕೆ ಹತ್ತಾರು ಊರುಗಳ ನೀರನ್ನು ಪರೀಕ್ಷಿಸಬೇಕಾದವರಿಗೆ ಅದು ಸಣ್ಣದಲ್ಲ.

ಪರಿಹಾರದ ಮಾತು ಬಂದಾಗ ಜನರಿಗೆ ಮೊದಲು ಹೊಳೆಯುವುದು ಕುದಿಸುವುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡು ಎಲ್ಲಿಯೂ ಹೋಗುವುದಿಲ್ಲ. ಹತ್ತು ಲೀಟರು ನೀರು ಕುದಿದು ಒಂಬತ್ತಾದರೆ, ಲೀಟರಿಗೆ ೩ ಮಿಲಿಗ್ರಾಂ ಇದ್ದದ್ದು ೩.೩ ಆಗುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಗಸಿಯು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ಎಂದರೆ, ಫ್ಲೋರೈಡಿಗೆ ಕಡಿವಾಣವಾಗಿದ್ದ ಕ್ಯಾಲ್ಸಿಯಂ ಹೊರಬಿದ್ದಂತಾಯಿತು. ಹಾಗಾದರೆ ಸುಣ್ಣವನ್ನು ಸೇರಿಸಿ ಕ್ಯಾಲ್ಸಿಯಮನ್ನು ಹೆಚ್ಚಿಸಬಾರದೇಕೆ? ಕಾಗದದ ಮೇಲೆ ಇದು ಸರಿಯಾದ ಮಾತೇ. ಆದರೆ ಇಷ್ಟು ತೆಳುವಾದ ದ್ರಾವಣದಲ್ಲಿ ಕ್ಯಾಲ್ಸಿಯಂ ಫ್ಲೋರೈಡಿನ ಹರಳುಗಳು ಮೊಳೆಯುವುದೇ ಬಹು ನಿಧಾನ. ಮೊಳೆತವೂ ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ತೇಲುತ್ತಿರುತ್ತವೆ. ಮೇಲಾಗಿ ಅಷ್ಟು ಸುಣ್ಣ ಬೆರೆತ ನೀರನ್ನು ಕುಡಿಯುವವರಾರು?

ಆದುದರಿಂದ ಸುಣ್ಣದ ಜೊತೆಗೆ ಪಟಿಕವನ್ನು ತಂದರು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ೧೯೭೦ರ ದಶಕದಲ್ಲಿ ರೂಪಿಸಿದ ಈ ವಿಧಾನಕ್ಕೆ, ಫ್ಲೋರೈಡಿನ ಪೀಡೆಗೆ ಹೆಸರಾದ ತೆಲುಗು ನಾಡಿನ ಜಿಲ್ಲೆಯೊಂದರ ಹೆಸರಿನಿಂದ, ನಲಗೊಂಡ ವಿಧಾನವೆಂದು ಹೆಸರಾಯಿತು. ಪಟಿಕದ ಅಲ್ಯೂಮಿನಿಯಂ ನೀರಿನಲ್ಲಿ ಹೈಡ್ರಾಕ್ಸೈಡಾಗಿ ಹತ್ತಿಯ ಎಳೆಗಳಂತೆ ಹರಡಿಕೊಳ್ಳುತ್ತದೆ. ಆ ಎಳೆಗಳ ಮೈ ಅಪಾರ. ಫ್ಲೋರೈಡು ಅದಕ್ಕೆ ಅಂಟಿಕೊಂಡು ಅದರೊಡನೆ ತಳಕ್ಕೆ ಇಳಿಯುತ್ತದೆ. ಮೊದಲು ಬಿರುಸಾಗಿ ಕಲಕಬೇಕು, ಏಕೆಂದರೆ ಪಟಿಕವು ನೀರಿನೊಡನೆ ವರ್ತಿಸುವುದು ಅತಿ ಶೀಘ್ರ. ಅದು ಒಂದೇ ಕಡೆ ಮುಗಿದುಹೋಗುವುದಕ್ಕೆ ಮೊದಲು ಎಲ್ಲೆಡೆ ಹರಡಬೇಕು. ಆಮೇಲೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮೆಲ್ಲಮೆಲ್ಲಗೆ ತಿರುಗಿಸಬೇಕು, ಏಕೆಂದರೆ ಸಣ್ಣ ಎಳೆಗಳು ಒಂದಕ್ಕೊಂದು ತಾಗಿ ದೊಡ್ಡವಾಗಬೇಕು. ಬಿರುಸಾಗಿ ತಿರುಗಿಸಿದರೆ ಕೂಡಿದವು ಒಡೆದುಹೋಗುತ್ತವೆ. ಕೊನೆಗೆ ಸುಮಾರು ಒಂದು ಗಂಟೆ ಅಲುಗಿಸದೆ ಇಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಪಟಿಕದಿಂದ ನೀರು ಹುಳಿಯ ಕಡೆಗೆ ವಾಲದಂತೆ ಸುಣ್ಣವು ನೋಡಿಕೊಳ್ಳುತ್ತದೆ. ಇಲ್ಲಿಯೂ ವಿಲೇಯತೆಯ ಒಂದು ಸೂಕ್ಷ್ಮವಿದೆ: ಅಲ್ಯೂಮಿನಿಯಂ ಹೈಡ್ರಾಕ್ಸೈಡು ಆಮ್ಲದಲ್ಲಿಯೂ ಕರಗುತ್ತದೆ, ಪ್ರಬಲ ಕ್ಷಾರದಲ್ಲಿಯೂ ಕರಗುತ್ತದೆ, ನಡುವೆ ಮಾತ್ರ ಗಟ್ಟಿಯಾಗಿರುತ್ತದೆ. ಆ ನಡುವನ್ನು ಬಿಟ್ಟು ಅತ್ತಿತ್ತ ಹೋದರೆ ಫ್ಲೋರೈಡಿನ ಬದಲು ಅಲ್ಯೂಮಿನಿಯಮನ್ನು ಕುಡಿದಂತಾದೀತು. ಎಷ್ಟು ಪಟಿಕ, ಎಷ್ಟು ಸುಣ್ಣ ಎಂಬುದು ಆಯಾ ನೀರಿನ ಫ್ಲೋರೈಡನ್ನೂ ಕ್ಷಾರಗುಣವನ್ನೂ ಅವಲಂಬಿಸಿರುವುದರಿಂದ, ನೀರನ್ನು ಅಳೆಯದೆ ಕಣ್ಣಂದಾಜಿನಿಂದ ಹಾಕತಕ್ಕದ್ದಲ್ಲ.

ಈಚೆಗೆ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಆರ್.ಓ. ಘಟಕಗಳು ಬಂದಿವೆ. ಅವು ಒತ್ತಡದಿಂದ ನೀರನ್ನು ಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸಿ ಲವಣಗಳನ್ನು ಹಿಂದೆ ಉಳಿಸುತ್ತವೆ. ಹಿಂದೆ ಉಳಿದ ನೀರಿನಲ್ಲಿ ಫ್ಲೋರೈಡು ಇನ್ನಷ್ಟು ಸಾಂದ್ರವಾಗಿರುವುದರಿಂದ ಅದನ್ನು ದನಗಳಿಗೆ ಕುಡಿಸುವುದು ತರವಲ್ಲ. ನದಿಯ ನೀರನ್ನು ಕೊಳವೆಗಳ ಮೂಲಕ ತರುವುದು ಎಲ್ಲಕ್ಕಿಂತ ಸರಳವಾದ ರಸಾಯನಶಾಸ್ತ್ರವೆಂದು ನಮ್ಮ ಅಭಿಪ್ರಾಯ. ಆ ನೀರಿಗೆ ಕಲ್ಲಿನೊಡನೆ ಕಾಲ ಕಳೆಯಲು ಬಿಡುವು ಸಿಕ್ಕಿರುವುದಿಲ್ಲ.

ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಒಂದು ಲೆಕ್ಕ. ಒಂದು ಕೊಳವೆ ಬಾವಿಯ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ ೪೦ ಮಿಲಿಗ್ರಾಂ, ಫ್ಲೋರೈಡು ೩ ಮಿಲಿಗ್ರಾಂ ಇವೆಯೆಂದು ಭಾವಿಸಿ. ಕ್ಯಾಲ್ಸಿಯಮಿನ ಪರಮಾಣು ತೂಕ ೪೦, ಫ್ಲೋರಿನಿನದು ೧೯. ಅಯಾನುಗಳ ಗುಣಲಬ್ಧವನ್ನು ಕಂಡುಹಿಡಿದು, ಮೇಲೆ ಕೊಟ್ಟಿರುವ ಸ್ಥಿರಸಂಖ್ಯೆಯೊಡನೆ ಹೋಲಿಸಿ, ಪ್ರಕ್ಷೇಪವು ಬೀಳುವುದೋ ಇಲ್ಲವೋ ಹೇಳಿ. ಉತ್ತರ: ೩೫ರ ಸ್ಥಾನದಲ್ಲಿ ಸುಮಾರು ೨೫ ಬರುವುದರಿಂದ ಬೀಳದು. ಕ್ಯಾಲ್ಸಿಯಮನ್ನು ೮೦ ಮಿಲಿಗ್ರಾಮಿಗೆ ಏರಿಸಿದರೆ ಸುಮಾರು ೫೦ ಬರುತ್ತದೆ; ಆಗ ಬೀಳಬಹುದು. ಎಷ್ಟು ಹೊತ್ತಿನಲ್ಲಿ ಬೀಳುವುದು ಎಂಬುದನ್ನು ಈ ಗುಣಲಬ್ಧದಿಂದ ಹೇಳಲು ಬಾರದು.